ಆಕಾಶದಲ್ಲಿ ಬಿಟ್ಟ ರೋಜಾ

ನಮ್ಮಪ್ಪ ವಿಮಾನ ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲ. ಬೆಂಗಳೂರಿನಿಂದ ಮುಂಬಯಿಗೆ, ರಂಜಾನ್ ತಿಂಗಳ ಒಂದು ಸಂಜೆ. ಬೆಂಗಳೂರಿನ ವಿಮಾನ ನಿಲ್ದಾಣ ಇನ್ನೂ ಊರೊಳಗೇ ಇದ್ದ ಕಾಲ ಅದು. ದೇವನಹಳ್ಳಿ ಕಡೆ ಹೊಸದನ್ನು ಕಟ್ಟುತ್ತಿದ್ದಾರೆ ಎಂದು ಪೇಪರಿನಲ್ಲಿ ಓದುತ್ತಿದ್ದೆವು. ನನಗೂ ಅದೇ ಮೊದಲ ವಿಮಾನ. ಆದರೆ ಅದನ್ನು ಯಾರಿಗೂ ತೋರಗೊಡದಷ್ಟು ಜಂಬ ನನ್ನಲ್ಲಿತ್ತು. ಗುಬ್ಬಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಡಂ ನಾನು. ನಕ್ಷೆಯ ಮೇಲೆ ಕೋಲಿಟ್ಟು ಮಕ್ಕಳಿಗೆ ಇಡೀ ಭೂಮಂಡಲ ಸುತ್ತಿಸಿದವಳು ಒಂದೂವರೆ ಗಂಟೆಯ ಮುಂಬಯಿಗೆ ಹೆದರುವುದುಂಟೇ?

ಈ ಪ್ರಯಾಣ ಅಪ್ಪನಿಗೆ ಬೇಕಿರಲಿಲ್ಲ. ಅದು ನನ್ನ ಅಕ್ಕನ ಹಟ. ಅವಳು ಮದುವೆಯಾಗಿ ಮುಂಬಯಿ ಸೇರಿ ಬಹಳ ವರ್ಷವಾಗಿತ್ತು. ತುಮಕೂರಿನ ಮನೆಯಲ್ಲಿ ಉಳಿದವರು ಅಪ್ಪ, ಅವ್ವ ಮತ್ತು ನಾನು. ಆ ವರ್ಷ ಮಳೆಗಾಲ ಶುರುವಾಗುವಾಗ ಅವ್ವ ತೀರಿಕೊಂಡಳು. ಅದಾದ ಮೇಲೆ ಬಂದ ಮೊದಲ ರಂಜಾನ್ ಇದು. ಅಪ್ಪ ಒಂದು ದಿನದ ರೋಜಾ ಉಪವಾಸವನ್ನೂ ತಪ್ಪಿಸಲಿಲ್ಲ, ಆದರೆ ಸಂಜೆ ಹೊತ್ತು ಮುಳುಗಿ ರೋಜಾ ಬಿಡುವಾಗ ಏನನ್ನೂ ತಿನ್ನುತ್ತಿರಲಿಲ್ಲ. ಒಂದು ಲೋಟ ನೀರು, ಅಷ್ಟೇ. ಎದ್ದು ಮಸೀದಿಗೆ ಹೋಗಿಬಿಡುತ್ತಿದ್ದ. ತಟ್ಟೆ ಮುಚ್ಚಿಟ್ಟಲ್ಲೇ ಇರುತ್ತಿತ್ತು. ಬೆಳಗಿನ ಜಾವ ಸಹರಿ ಊಟಕ್ಕೆ ಎಬ್ಬಿಸಿದರೆ ಒಂದಿಷ್ಟು ಹಾಲು ಕುಡಿದು ಮುಖ ಒರೆಸಿಕೊಳ್ಳುತ್ತಿದ್ದ. ಅಂಗಿ ಅವನ ಮೈಮೇಲೆ ಹತ್ತಿ ತೆಗೆದ ದಿಂಬಿನ ಗವಸಿನ ಹಾಗೆ ಜೋತುಬಿತ್ತು. ನನಗೆ ಭಯವಾಯಿತು. ಅವ್ವನ ಹಿಂದೆಯೇ ಇವನೂ ಹೊರಟುಬಿಡುತ್ತಾನೆ ಎಂದು ನಿಜವಾಗಿಯೂ ಭಯವಾಯಿತು. ಅಕ್ಕನಿಗೆ ಫೋನು ಮಾಡಿ ಅತ್ತೆ.

"ಹಬ್ಬಕ್ಕೆ ಇಲ್ಲಿಗೇ ಕರ್ಕೊಂಬಾ," ಅಂದಳು ಅಕ್ಕ. "ನನ್ನ ಮಕ್ಕಳ ಜೊತೆ ಕೂತ್ರೆ ತಿಂತಾನೆ. ರೈಲಲ್ಲಿ ಒಂದು ದಿನ ಪೂರ್ತಿ ಅಲ್ಲಾಡಿಸ್ಕೊಂಡು ತರಬೇಡ. ವಿಮಾನದ ಟಿಕೆಟ್ ನಿಮ್ಮ ಭಾವ ಮಾಡಿಸ್ತಾರೆ."

ಅಪ್ಪ ಯಾಕೆ ತಿನ್ನುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದೆ ಎನ್ನುವುದೇ ಸರಿ. ಅದನ್ನು ಹೇಳಬೇಕಾದರೆ ನಮ್ಮ ಮನೆಯ ಒಂದು ಪದ್ಧತಿಯನ್ನು ಮೊದಲು ಹೇಳಬೇಕು.

ನಾವು ಪಿಂಜಾರರು, ಹತ್ತಿ ಹಿಂಜಿ ಹಾಸಿಗೆ ದಿಂಬು ಹೊಲಿಯುವವರು. ಮನೆಯ ಮಾತು ಕನ್ನಡವೇ. ಪ್ರಾಯದಲ್ಲಿ ಅಪ್ಪ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಸೈಕಲ್ಲಿನಲ್ಲಿ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದ. ಮದುವೆಯ ಕಾಲದಲ್ಲಿ ಒಂದೊಂದು ಊರಿನ ಜಗಲಿಯ ಮೇಲೆ ಮೂರು ನಾಲ್ಕು ದಿನ ಇದ್ದು ಹಾಸಿಗೆ ಮುಗಿಸಿಕೊಟ್ಟು ಬರುತ್ತಿದ್ದ. ಕುಣಿಗಲ್ಲಿನಲ್ಲಿ ಹಾಗೆ ಹೋಗಿದ್ದಾಗಲೇ ಅವ್ವನನ್ನು ಕಂಡಿದ್ದು. ಹಾಸಿಗೆ ಹೊಲಿಯಲು ಹೋದವನು ಹೆಣ್ಣು ನೋಡಿಕೊಂಡು ಬಂದ ಎಂದು ನೆಂಟರೆಲ್ಲ ಕಾಡಿಸುತ್ತಿದ್ದರು. ತೊಂಬತ್ತರ ದಶಕದಲ್ಲಿ ತುಮಕೂರಿನ ಮರಳೂರಿನಲ್ಲಿ ಒಂದು ಸಣ್ಣ ಮನೆ ಕಟ್ಟಿ, ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟ. ಬಿಲ್ಲು ಗೋಡೆಯ ಮೊಳೆಗೆ ಹೋಯಿತು, ಕರೆಂಟಿನ ಯಂತ್ರ ಬಂತು. ದಿನವಿಡೀ ಅದರ ಗದ್ದಲ ಕೇಳಿ ಕೇಳಿ ಅಪ್ಪನ ಕಿವಿ ಮಂದವಾಗುತ್ತ ಬಂತು.

ಆಗ ನಮ್ಮ ಬೀದಿಯ ಹತ್ತಿರ ಮಸೀದಿ ಇರಲಿಲ್ಲ. ರೋಜಾ ಬಿಡುವ ಹೊತ್ತಿಗೆ ಪೇಟೆಯ ಮಸೀದಿಯಲ್ಲಿ ಸೈರನ್ ಕೂಗಿಸುತ್ತಿದ್ದರು. ಅದು ನಮಗೆ ಕೇಳಬೇಕಾದರೆ ತಾರಸಿ ಹತ್ತಬೇಕಿತ್ತು, ಅದೂ ಗಾಳಿ ನಮ್ಮ ಕಡೆ ಬೀಸುತ್ತಿದ್ದರೆ ಮಾತ್ರ. ಹಾಗಾಗಿ ಅವ್ವ ಮಾಡಿದ್ದನ್ನೆಲ್ಲ ಚಾಪೆಯ ಮೇಲೆ ಜೋಡಿಸಿ, ನಮ್ಮನ್ನು ಸುತ್ತ ಕೂರಿಸಿ, ತಾನು ತಾರಸಿಗೆ ಹೋಗಿ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ ನಿಲ್ಲುತ್ತಿದ್ದಳು. ಸೈರನ್ ಕೇಳಿದ್ದೇ ಮೆಟ್ಟಿಲ ಮೇಲಿನಿಂದ ಕೂಗುತ್ತಿದ್ದಳು.

"ಕೂಗ್ತು ಕಣ್ರೀ, ರೋಜಾ ಬುಡಿ!"

ಕೊನೆಯಲ್ಲಿ ಸ್ವಲ್ಪ ಎಳೆಯುತ್ತಿದ್ದಳು. ಅಪ್ಪನ ಮಂದ ಕಿವಿಗೂ ಅದು ಸರಿಯಾಗಿ ಬೀಳುತ್ತಿತ್ತು. ಆಮೇಲೆ ಪಕ್ಕದ ಬೀದಿಯಲ್ಲೇ ಮಸೀದಿಯಾಯಿತು, ಮೈಕು ಬಂತು, ನಮ್ಮ ಗೋಡೆಗೂ ಗಡಿಯಾರ ಬಂತು. ಪದ್ಧತಿ ಮಾತ್ರ ನಿಲ್ಲಲಿಲ್ಲ. ಮೈಕಿನಲ್ಲಿ ನಮಾಜಿಗೆ ಕರೆಯುವ ಬಾಂಗ್ ಶುರುವಾಗಿ ನಾವೆಲ್ಲ ಬಾಯಿಗೆ ಹಾಕಿಕೊಂಡರೂ ಅಪ್ಪ ಖರ್ಜೂರ ಹಿಡಿದು ಮೆಟ್ಟಿಲ ಕಡೆ ನೋಡುತ್ತ ಕೂತಿರುತ್ತಿದ್ದ. ಅವಳು ಕೂಗಬೇಕು, ಇವನು ತಿನ್ನಬೇಕು. ಮಂಡಿನೋವು ಬಂದ ಮೇಲೂ ಅವ್ವ ಗೋಡೆ ಹಿಡಿದುಕೊಂಡು ಹತ್ತುತ್ತಿದ್ದಳು. "ನಿಮ್ಮಪ್ಪ ಮೈಕಿನ ಮಾತು ನಂಬಲ್ಲ ಕಣೇ," ಎಂದು ನಗುತ್ತಿದ್ದಳು. ಅವಳಿಗೂ ಅದು ಇಷ್ಟವಿತ್ತು.

ಅವಳಿಲ್ಲದ ಮೊದಲ ರೋಜಾದ ಸಂಜೆ ಯಾರೂ ಹೇಳದಿದ್ದರೂ ನಾನೇ ತಾರಸಿ ಹತ್ತಿದೆ. ಬಾಂಗ್ ಶುರುವಾದದ್ದೇ ಕೂಗಿದೆ. ಹುಡುಗಿಯಾಗಿದ್ದಾಗ ಅವ್ವನ ಹಿಂದೆ ನಿಂತು ಅಣಕಿಸಿ ಅಣಕಿಸಿ ನಾಲಿಗೆಗೆ ಅಂಟಿದ್ದ ಅದೇ ಮಾತು, ಅದೇ ಎಳೆತ. ನನ್ನ ದನಿಯೂ ಥೇಟ್ ಅವಳದೇ ಎಂದು ಎಲ್ಲರೂ ಅನ್ನುತ್ತಾರೆ. ಕೆಳಗಿಳಿದು ಬಂದು ನೋಡಿದರೆ ಅಪ್ಪ ಖರ್ಜೂರವನ್ನು ತಟ್ಟೆಗೆ ವಾಪಸು ಇಟ್ಟಿದ್ದ. ನೀರು ಕುಡಿದ, ಎದ್ದ. ಬಾಗಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ, "ನಾಳೆಯಿಂದ ಕೂಗ್ಬೇಡ ಕಣಮ್ಮ," ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಜಾಗಕ್ಕೆ ನುಗ್ಗಬೇಡ ಎಂದು ಹೇಳಿದನಲ್ಲ ಎಂದು ಉರಿ. ಸತ್ತಿದ್ದು ಅವನ ಹೆಂಡತಿ ಮಾತ್ರವೇ, ನನ್ನ ಅವ್ವ ಅಲ್ಲವೇ? ಮಾರನೆಯ ದಿನ ಒಂದು ಅಲಾರಂ ಗಡಿಯಾರ ತಂದು ಅವನ ತಟ್ಟೆಯ ಪಕ್ಕ ಕುಕ್ಕಿದೆ. ಅದು ಬಡಿದುಕೊಂಡರೆ ಅವನು ನೀರು ಕುಡಿದು ಏಳುತ್ತಿದ್ದ. ನಾನು ಅಡುಗೆಮನೆಯಿಂದ ಆಚೆಗೇ ಬರುತ್ತಿರಲಿಲ್ಲ.

ಟಿಕೆಟ್ಟಿನ ವಿಷಯಕ್ಕೆ ಬಂದರೆ, ಬೆಳಗಿನ ವಿಮಾನವೂ ಇತ್ತು, ಸಂಜೆಯದೂ ಇತ್ತು. ಸಂಜೆಯದೇ ಇರಲಿ ಎಂದು ಭಾವನಿಗೆ ಹೇಳಿದವಳು ನಾನು. ಐದು ಗಂಟೆ ದಾಟಿದ ಮೇಲೆ ಹೊರಡುತ್ತದೆ. ಆರರ ಮೇಲೆ ರೋಜಾ ಬಿಡುವ ಹೊತ್ತು. ಅಷ್ಟರಲ್ಲಿ ವಿಮಾನ ಮೇಲೆ ಹೋಗಿ ನೆಟ್ಟಗಾಗಿರುತ್ತದೆ, ಆರಾಮವಾಗಿ ಮಡಿಲಲ್ಲಿ ಡಬ್ಬಿ ಬಿಚ್ಚಿ ಕೊಡಬಹುದು. ಎದ್ದು ಹೋಗುತ್ತೇನೆ ಅಂದರೂ ಎಲ್ಲಿಗೆ ಹೋಗುತ್ತಾನೆ? ಈ ಕೊನೆಯದು ನನಗೆ ಬಹಳ ಹಿಡಿಸಿತ್ತು.

ಪ್ರಯಾಣ ಮಾಡುವವರು ಅವತ್ತಿನ ರೋಜಾ ತಪ್ಪಿಸಿ ಆಮೇಲೆ ಹಿಡಿಯಬಹುದು ಎಂದು ಮಸೀದಿಯ ಹಜ್ರತ್ತರೂ ಅಪ್ಪನಿಗೆ ಹೇಳಿ ನೋಡಿದರು. ಅಪ್ಪ ಒಪ್ಪಲಿಲ್ಲ. "ಗುಬ್ಬಿ ಗಂಟ ಸೈಕಲ್ ತುಳ್ಕೊಂಡೋಗಿ ಹಾಸಿಗೆ ಹೊಲ್ದು ಬಂದಾಗ್ಲೇ ರೋಜಾ ತಪ್ಪುಸಿಲ್ಲ. ಕುರ್ಚಿ ಮೇಲೆ ಕೂತ್ಕೊಂಡೋಗಕ್ಕೆ ತಪ್ಪುಸ್ಬೇಕಾ?" ಅಂದ. ಹಜ್ರತ್ತರು ನನ್ನ ಮುಖ ನೋಡಿದರು.

ಬೆಳಗ್ಗೆ ಹತ್ತಕ್ಕೇ ಬಸ್ಸು ಹತ್ತಿದೆವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ತಲೆಗೆ ಟೋಪಿ. ಕ್ಯಾತ್ಸಂದ್ರ ದಾಟುವವರೆಗೂ ಕಿಟಕಿಯಿಂದಾಚೆ ನೋಡುತ್ತ, ಯಾವ ಹೋಟೆಲಿನವರು ಯಾವ ವರ್ಷ ತನ್ನ ಹತ್ತಿರ ದಿಂಬು ಹೊಲಿಸಿದ್ದರು ಎಂದು ಹೇಳಿದ. ಮೆಜೆಸ್ಟಿಕ್‌ನಲ್ಲಿ ಇಳಿದು ಆಟೋ ಮಾಡಿದೆವು. ಬ್ಯಾಗಿನಲ್ಲಿ ಖರ್ಜೂರದ ಪೊಟ್ಟಣವಿತ್ತು. ಒಂದು ಸ್ಟೀಲಿನ ಡಬ್ಬಿಯ ತುಂಬ ನೆನೆಸಿದ ಹೆಸರುಬೇಳೆಗೆ ತೆಂಗಿನತುರಿ, ಹಸಿಮೆಣಸಿನಕಾಯಿ, ನಿಂಬೆರಸ ಹಾಕಿ ಕಲಸಿದ್ದಿತ್ತು. ಅವ್ವ ರಂಜಾನಿನಲ್ಲಿ ದಿನಾ ಮಾಡುತ್ತಿದ್ದುದು ಅದೇ. ಅಪ್ಪ ಒಂದೇ ಸಲಕ್ಕೆ ಅರ್ಧ ಡಬ್ಬಿ ಖಾಲಿ ಮಾಡುತ್ತಿದ್ದ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಂದು ಎಡವಟ್ಟಾಯಿತು. ಅಪ್ಪ ಆ ಚೌಕಟ್ಟಿನೊಳಗೆ ಕಾಲಿಟ್ಟಿದ್ದೇ ಅದು ಕೀಂ ಎಂದಿತು. ಜೇಬಿನಲ್ಲಿದ್ದ ಬೀಗದ ಕೈ ತೆಗೆಸಿದರು. ಮತ್ತೆ ಕೀಂ. ಬೆಲ್ಟು ಅಪ್ಪ ಹಾಕುವುದಿಲ್ಲ. ಕೊನೆಗೆ ಆ ಕಾವಲಿನವರು ಕೈಯಾಡಿಸುತ್ತ ಹೋಗಿ ಅವನ ಕಾಲರ್ ಮಡಚಿ ನೋಡಿದರೆ, ಒಳಗಡೆ ಗೇಣುದ್ದದ ದಬ್ಬಣ! ಹಾಸಿಗೆ ಹೊಲಿಯುವವರು ದಬ್ಬಣವನ್ನು ಕೆಳಗಿಡುವುದಿಲ್ಲ. ಹತ್ತಿಯೊಳಗೆ ಬಿದ್ದರೆ ಮಲಗುವವರ ಗತಿ ಏನಾಗಬೇಕು? ಕಾಲರಿನ ಒಳಗೆ ಚುಚ್ಚಿಕೊಂಡೇ ಓಡಾಡುವುದು ಅಭ್ಯಾಸ. ಇಸ್ತ್ರಿ ಅಂಗಿ ಹಾಕಿದವನು ಹಳೇ ಅಂಗಿಯಿಂದ ದಬ್ಬಣ ತೆಗೆದು ಇದಕ್ಕೆ ಸಿಕ್ಕಿಸಿಕೊಂಡೇ ಹೊರಟಿದ್ದಾನೆ. ಅದು ತನ್ನ ಮೈಮೇಲಿದೆ ಎಂಬ ಗ್ಯಾನವೇ ಅವನಿಗಿರಲಿಲ್ಲ.

"ಯಾಕೆ ಇಟ್ಕೊಂಡಿದೀರ ಇದು?" ಎಂದು ಅವರು ಹಿಂದಿಯಲ್ಲಿ ಕೇಳಿದರು.

"ಹಾಸಿಗೆ," ಎಂದ ಅಪ್ಪ ಕನ್ನಡದಲ್ಲಿ. ಅವರಿಗೆ ಅರ್ಥವಾಗಲಿಲ್ಲ. ಅಪ್ಪ ಎರಡೂ ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಮಲಗುವುದನ್ನು ನಟಿಸಿ ತೋರಿಸಿದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಆ ಮನುಷ್ಯನೂ ನಕ್ಕ, ಆದರೆ ದಬ್ಬಣವನ್ನು ಕೊಡಲಿಲ್ಲ. ಅಲ್ಲಿದ್ದ ಪ್ಲಾಸ್ಟಿಕ್ ಡಬ್ಬದೊಳಗೆ, ಯಾರ್‍ಯಾರದೋ ಕತ್ತರಿ, ಉಗುರು ಕತ್ತರಿಸುವ ಕಟರುಗಳ ಜೊತೆ ಅದೂ ಬಿತ್ತು. ನಾಚಿಕೆಯಿಂದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪ ಮಾತ್ರ ಆ ಡಬ್ಬದ ಕಡೆ ಎರಡು ಸಲ ತಿರುಗಿ ನೋಡಿದ.

ವಿಮಾನದೊಳಗೆ ನಮ್ಮದು ಎಡಗಡೆಯ ಸಾಲು. ಅಪ್ಪನಿಗೆ ಕಿಟಕಿ, ನನಗೆ ನಡುವಿನದು. ಈ ಕಡೆಯ ಸೀಟಿಗೆ ಅಪ್ಪನಿಗಿಂತ ಸ್ವಲ್ಪ ಚಿಕ್ಕವರಿರಬಹುದಾದ ಒಬ್ಬ ಹೆಂಗಸು ಬಂದು ಕೂತರು. ಕಾಟನ್ ಸೀರೆ, ಹಣೆ ತುಂಬ ಕುಂಕುಮ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಬೆಂಗಳೂರಿನ ಬಸವನಗುಡಿಯವರಂತೆ, ಮುಂಬಯಿಯಲ್ಲಿ ಮಗಳ ಮಗುವಿಗೆ ನಾಮಕರಣವಂತೆ, ಚೀಲದಲ್ಲಿ ಇರುವುದೆಲ್ಲ ಬಾಣಂತಿಯ ಲೇಹ್ಯದ ಸಾಮಾನಂತೆ. ಇಷ್ಟೂ ವಿಷಯ ನನಗೆ ವಿಮಾನ ಅಲುಗಾಡುವ ಮುಂಚೆಯೇ ತಿಳಿಯಿತು.

ಅಪ್ಪ ಮೊದಲು ಮಾಡಿದ ಕೆಲಸವೆಂದರೆ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದು.

"ಫೋಮು," ಅಂದ, ಯಾರೋ ಹಳೆಯ ವೈರಿ ಎದುರಿಗೆ ಸಿಕ್ಕ ಹಾಗೆ. ಊರಲ್ಲೆಲ್ಲ ಫೋಮಿನ ಹಾಸಿಗೆ ಬಂದ ಮೇಲೆ ನಮ್ಮ ಯಂತ್ರ ವಾರಕ್ಕೆ ಎರಡು ದಿನ ತಿರುಗಿದರೆ ಹೆಚ್ಚು. ಆಮೇಲೆ ಬೆಲ್ಟಿನ ಹೊಲಿಗೆಯನ್ನು ಎಳೆದು ನೋಡಿ, "ಇದು ಪರವಾಗಿಲ್ಲ," ಎಂದು ಸರ್ಟಿಫಿಕೇಟ್ ಕೊಟ್ಟು ಕಟ್ಟಿಸಿಕೊಂಡ.

ವಿಮಾನ ಏರಿತು. ನಾನು ಕಣ್ಣು ಮುಚ್ಚಿ ಸೀಟಿನ ಕೈಯನ್ನು ಹಿಡಿದುಕೊಂಡಿದ್ದೆ. ಜಂಬವೆಲ್ಲ ರನ್‌ವೇ ಮೇಲೇ ಉಳಿದಿತ್ತು. ಕಣ್ಣು ಬಿಟ್ಟಾಗ ಅಪ್ಪ ಹಣೆಯನ್ನು ಗಾಜಿಗೆ ಒತ್ತಿಕೊಂಡು ಕೆಳಗೆ ನೋಡುತ್ತಿದ್ದ. ಕೆರೆಗಳು, ಕೆಂಪು ಹೊಲಗಳು, ಆಮೇಲೆ ಮೋಡ. ಹತ್ತಿಯವನಿಗೆ ಮೋಡ ತೋರಿಸಿದರೆ ಏನಾದರೂ ಹೇಳಿಯೇ ಹೇಳುತ್ತಾನೆ ಎಂದು ಕಾದೆ. "ಬೀಜ ಸರಿಯಾಗಿ ತೆಗೆದಿಲ್ಲ, ಗಂಟು ಗಂಟಾಗದೆ," ಅಂದ. ಅಷ್ಟು ಮಾತು ಅವನ ಬಾಯಿಂದ ಬಂದಿದ್ದೇ ನನಗೆ ಸಾಕಾಗಿತ್ತು.

ನೀಲಿ ಸ್ಕರ್ಟಿನ ಹುಡುಗಿಯೊಬ್ಬಳು ಗಾಡಿ ತಳ್ಳಿಕೊಂಡು ಬಂದಳು. ಅಗ್ಗದ ವಿಮಾನ, ಪುಗಸಟ್ಟೆ ಏನೂ ಇಲ್ಲ. ನಾನು ಒಂದು ಬಾಟಲಿ ನೀರು ಕೊಂಡೆ. ಪಕ್ಕದವರು ಕಾಫಿ ಕೊಂಡರು. ನಾನು ಡಬ್ಬಿ ಹೊರಗೆ ತೆಗೆದು, ಖರ್ಜೂರ ಬಿಡಿಸಿ, ಕೈಗಡಿಯಾರ ನೋಡುತ್ತ ಕೂತೆ. ತುಮಕೂರಿನ ಹೊತ್ತು ನನಗೆ ಬಾಯಿಪಾಠವಾಗಿತ್ತು. ಮುಳ್ಳು ಅಲ್ಲಿಗೆ ಬಂದಿದ್ದೇ ಒಂದು ಖರ್ಜೂರ ತೆಗೆದು ಅವನ ಮುಂದೆ ಹಿಡಿದೆ.

"ಹೊತ್ತಾಯ್ತು, ತಗೋ."

ಅಪ್ಪ ಖರ್ಜೂರ ತೆಗೆದುಕೊಂಡ. ತೆಗೆದುಕೊಂಡು ಅದೇ ಕೈಯಿಂದ ಕಿಟಕಿ ತೋರಿಸಿದ.

ಕಿಟಕಿಯಾಚೆ ಸೂರ್ಯ. ಮೋಡದ ಮೇಲೆ ಎರಡಾಳು ಎತ್ತರದಲ್ಲಿ, ಏನೂ ಅವಸರವಿಲ್ಲದೆ ನಿಂತಿದ್ದ. ಅವನ ಬೆಳಕು ಅಪ್ಪನ ಗಡ್ಡದ ಮೇಲೆ, ನನ್ನ ಮಡಿಲ ಡಬ್ಬಿಯ ಮೇಲೆಲ್ಲ ಬಿದ್ದಿತ್ತು. ನಾನು ದಂಗಾದೆ. ಅರುಣಾಚಲದಲ್ಲಿ ಮೊದಲು ಹೊತ್ತು ಹುಟ್ಟುತ್ತದೆ, ಗುಜರಾತಿನಲ್ಲಿ ಕೊನೆಗೆ ಮುಳುಗುತ್ತದೆ, ಪಶ್ಚಿಮಕ್ಕೆ ಹೋದಷ್ಟೂ ಸಂಜೆ ತಡ ಎಂದು ಏಳನೇ ಕ್ಲಾಸಿಗೆ ವರ್ಷ ವರ್ಷವೂ ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದವಳು ನಾನೇ. ಮೇಲೆ ಹತ್ತಿ ನಿಂತವನಿಗೆ ಸೂರ್ಯ ಇನ್ನಷ್ಟು ಹೊತ್ತು ಕಾಣುತ್ತಾನೆ ಎಂಬುದಕ್ಕೆ ಪಾಠವೂ ಬೇಡ. ಪಶ್ಚಿಮದ ಕಡೆಗೇ, ಮೋಡದ ಮೇಲೆ ಹಾರುವ ವಿಮಾನದ ಟಿಕೆಟ್ಟನ್ನು ಮರಳೂರಿನ ಹೊತ್ತು ನೋಡಿ ಮಾಡಿಸಿದ್ದೆ.

"ಊರಲ್ಲಿ ಇಷ್ಟೊತ್ತಿಗೆ ಎಲ್ಲಾರೂ ಬಿಟ್ಟಾಯ್ತು ಕಣಪ್ಪ," ಅಂದೆ.

"ಊರಲ್ಲಿರೋರು ಊರಿನ ಹೊತ್ತಿಗೆ ಬುಡ್ತಾರೆ. ನಾವು ಇಲ್ಲಿದೀವಿ."

"ನೀನು ಬೆಳಗ್ಗೆ ಬರೀ ಹಾಲು ಕುಡಿದಿದೀಯ. ತಲೆ ಸುತ್ತಿ ಬಿದ್ರೆ ಏನ್ ಮಾಡ್ಲಿ? ತಿನ್ನಪ್ಪ."

"ಎದುರಿಗೇ ಅವ್ನಲ್ಲ ಸೂರ್ಯ, ಹೆಂಗೆ ತಿನ್ನಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಎರಡು ವಾರದಿಂದ ತಿನ್ನದೆ ಇರುವುದಕ್ಕೆ ಈಗ ಸೂರ್ಯನೂ ಸಹಾಯಕ್ಕೆ ಬಂದಿದ್ದಾನೆ ಅನ್ನಿಸಿತು. ದನಿ ಏರಿತೇನೋ, ಪಕ್ಕದ ಹೆಂಗಸು ಕಾಫಿ ಲೋಟವನ್ನು ಬಾಯಿಯ ಹತ್ತಿರ ಒಯ್ದವರು ನಿಲ್ಲಿಸಿದರು.

"ಯಾಕಮ್ಮಾ, ಯಜಮಾನ್ರು ಏನೂ ತಗೊಳ್ತಾ ಇಲ್ಲ?"

ಹೇಳಿದೆ. ಉಪವಾಸವೆಂದೂ, ಸೂರ್ಯ ಮುಳುಗುವವರೆಗೆ ಬಾಯಿಗೆ ಹನಿ ನೀರೂ ಇಲ್ಲವೆಂದೂ, ಮುಳುಗಬೇಕಾದ ಮಹಾಶಯ ಮುಳುಗುತ್ತಿಲ್ಲವೆಂದೂ ಹೇಳಿದೆ. ಅವರು ಬಾಗಿ ಕಿಟಕಿ ನೋಡಿದರು, ಅಪ್ಪನ ಮುಖ ನೋಡಿದರು.

"ಆ ಕಿಟಕಿ ಮುಚ್ಚಳ ಎಳೆದ್ಬಿಡಿ. ಸೂರ್ಯ ಕಾಣಿಸಲ್ಲ. ಮುಗೀತಲ್ಲ?"

ಅಪ್ಪನಿಗೆ ಕೇಳಿಸಲಿಲ್ಲ. ನಾನು ಅವನ ಕಿವಿಯಲ್ಲಿ ಹೇಳಿದೆ. ಅಪ್ಪ ನಕ್ಕುಬಿಟ್ಟ. ಅವ್ವ ಹೋದ ಮೇಲೆ ಅವನ ಹಲ್ಲು ನಾನು ನೋಡಿದ್ದು ಅದೇ ಮೊದಲು.

"ಮೇಲಿರೋನಿಗೆ ಇನ್ನೂ ಹತ್ರ ಬಂದಿದೀವಿ ತಾಯಿ," ಅಂದ ಅವರಿಗೆ. "ಇಷ್ಟು ಹತ್ರ ಬಂದು ಮೋಸ ಮಾಡಕ್ಕಾಯ್ತದಾ?"

ಅವರೂ ನಕ್ಕರು. ಕಾಫಿ ಲೋಟವನ್ನು ಮುಂದಿನ ಹಲಗೆಯ ಮೇಲಿಟ್ಟರು, ಕುಡಿಯಲಿಲ್ಲ. "ಹಾಗಾದ್ರೆ ಮುಳುಗಿದ್ದು ಅಂತ ಯಾರು ಹೇಳ್ಬೇಕು? ಇಲ್ಲಿ ಮಸೀದಿ ಇಲ್ವಲ್ಲ," ಎಂದು ದನಿ ಏರಿಸಿ ಅಪ್ಪನನ್ನೇ ಕೇಳಿದರು. ಪಾಪ, ಸುಮ್ಮನೆ ಕೇಳಿದ ಮಾತು.

ಅಪ್ಪನ ಕೈ ಕಾಲರಿಗೆ ಹೋಯಿತು. ಅಲ್ಲಿ ದಬ್ಬಣ ಇರಲಿಲ್ಲ. ಕೈ ವಾಪಸು ಮಡಿಲಿಗೆ ಬಂತು.

"ನಮ್ಮನೇಲಿ ಹೇಳೋರೊಬ್ರು ಇದ್ರು," ಅಂದ. "ಇವಳ ಅವ್ವ. ತಾರಸಿ ಮೇಲಿಂದ ಕೂಗಿ ಹೇಳ್ತಿದ್ಲು. ಮಳೆಗಾಲದಲ್ಲಿ ಹೋದ್ಲು."

"ಅಯ್ಯೋ," ಅಂದರು ಆ ತಾಯಿ.

"ಮೊದಲ್ನೇ ರೋಜಾ ದಿನ ಈ ಮಗು ಹಂಗೇ ಹತ್ತೋಗಿ ಹಂಗೇ ಕೂಗಿಬುಟ್ಲು. ಅದೇ ದನಿ. ಅವಳೇ ಮೆಟ್ಲು ಇಳ್ಕೊಂಡು ಬರ್ತಾವ್ಳೆ ಅನ್ಕೊಂಡು ನಾನು ಎದ್ದೇಬುಟ್ಟೆ. ನೋಡುದ್ರೆ ಇವ್ಳು." ಅವನು ಖರ್ಜೂರವನ್ನು ಬೆರಳಲ್ಲಿ ತಿರುಗಿಸಿದ. "ಆಮೇಲೆ ಗಂಟ್ಲಲ್ಲಿ ಎಲ್ಲಿ ಇಳೀತದೆ ತಾಯಿ? ಮಗೀಗೆ ಅದನ್ನ ಹೇಳಕ್ಕಾಯ್ತದಾ? ಕೂಗ್ಬೇಡ ಅಂದ್ಬುಟ್ಟೆ."

ನಾನು ಕಾಲ ಬುಡದ ಬ್ಯಾಗಿನಲ್ಲಿ ಏನನ್ನೋ ಹುಡುಕುವವಳಂತೆ ಬಗ್ಗಿದೆ. ಅವನು ಎದ್ದು ನಿಂತಿದ್ದನಂತೆ. ನಾನು ಇಳಿದು ಬರುವಷ್ಟರಲ್ಲಿ ಮತ್ತೆ ಕೂತಿದ್ದ, ಹಾಗಾಗಿ ಅದು ನನಗೆ ಗೊತ್ತೇ ಇರಲಿಲ್ಲ. ಅವಳ ಜಾಗಕ್ಕೆ ನಾನು ಬರುವುದು ಅವನಿಗೆ ಬೇಕಿಲ್ಲ ಎಂದು ನಾನು ತಿಳಿದಿದ್ದೆ. ಅವನಿಗೆ ಒಂದು ಗಳಿಗೆ ಅವಳೇ ಬಂದುಬಿಟ್ಟಿದ್ದಳು. ಒಂದೇ ಮನೆಯಲ್ಲಿ ಇದ್ದುಕೊಂಡು ಅವನು ನನಗೆ ಹೇಳಲಾರದ್ದನ್ನು ಗುರುತಿಲ್ಲದ ಒಬ್ಬರಿಗೆ ಆಕಾಶದಲ್ಲಿ ಹೇಳಿದ. ನನಗೆ ತುಂಬ ಅಳು ಬಂತು. ಬ್ಯಾಗಿನೊಳಗೇ ಮುಖ ಒರೆಸಿಕೊಂಡು ಎದ್ದೆ.

ಅಪ್ಪ ನನ್ನ ಕಡೆ ತಿರುಗಿದ. "ನನ್ನ ಕಣ್ಣಿಗೆ ಪೊರೆ ಬಂದದೆ. ಆ ಬೆಳಕು ನೋಡಿದ್ರೆ ನೀರು ಸುರೀತದೆ. ನೀನು ಈ ಕಡೆ ಬಾ. ಸರಿಯಾಗಿ ನೋಡ್ಕೊಂಡು ಹೇಳು."

ಬೆಲ್ಟು ಬಿಚ್ಚಿ ಜಾಗ ಬದಲಾಯಿಸಿದೆವು. ಅಷ್ಟು ಇಕ್ಕಟ್ಟಿನಲ್ಲಿ ಇಬ್ಬರು ಜಾಗ ಬದಲಾಯಿಸುವುದೆಂದರೆ ಸಣ್ಣ ಕುಸ್ತಿಯೇ. ಆ ತಾಯಿ ಕಾಫಿ ಲೋಟ ಎತ್ತಿ ಹಿಡಿದು ಮೈ ಒತ್ತರಿಸಿಕೊಂಡರು. ನಾನು ಕಿಟಕಿಗೆ ಬಂದೆ. ಅಪ್ಪ ನಡುವೆ ಕೂತು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಳ್ಳತೊಡಗಿದ. ಖರ್ಜೂರ ಕೈಯಲ್ಲೇ ಇತ್ತು.

ಆವತ್ತು ಆ ಸೂರ್ಯನನ್ನು ನೋಡಿದ ಹಾಗೆ ನಾನು ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಹಾಲಿಡುವಾಗ ಉಕ್ಕುತ್ತದೇನೋ ಎಂದು ನೋಡುತ್ತೇವಲ್ಲ, ಹಾಗೆ ರೆಪ್ಪೆ ಬಡಿಯದೆ ಕಾದೆ. ಅವನು ಕೆಳಗೆ ಬಂದ, ಕೆಂಪಾದ, ಮೋಡದ ಅಂಚಿಗೆ ತಾಗಿದ. ಅಷ್ಟರಲ್ಲಿ ಬೆಲ್ಟು ಕಟ್ಟಿಕೊಳ್ಳಿ ಎಂದು ಹೇಳಿದರು, ವಿಮಾನ ಇಳಿಯತೊಡಗಿತು. ಹುಡುಗಿ ಲೋಟಗಳನ್ನು ತೆಗೆದುಕೊಳ್ಳುತ್ತ ಬಂದು ಆ ತಾಯಿಯ ತುಂಬಿದ ಲೋಟಕ್ಕೆ ಕೈ ಹಾಕಿದಳು. "ಇರಲಿ ಬಿಡಮ್ಮ. ಅವರು ಬಾಯಿಗೆ ಹಾಕ್ಲಿ, ಆಮೇಲೆ ಕುಡೀತೀನಿ," ಅಂದರು ಅವರು. ಹುಡುಗಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಮುಂದಿನ ಸಾಲಿಗೆ ಹೋದಳು.

ವಿಮಾನ ಮೋಡದೊಳಗೆ ಹೊಕ್ಕಿತು. ಕಿಟಕಿಯ ತುಂಬ ಬೂದು ಬಣ್ಣ. ಸೂರ್ಯ ಇಲ್ಲ.

"ಆಯ್ತಾ?" ಕೇಳಿದ ಅಪ್ಪ.

ಆಯ್ತು ಅಂದುಬಿಡಬಹುದಿತ್ತು. ಅವನ ತುಟಿ ಒಣಗಿ ಬಿಳಿಯಾಗಿತ್ತು. ನಾನು ಏನು ಹೇಳಿದರೂ ಅವನು ನಂಬುತ್ತಿದ್ದ. ಆದರೆ ಮೋಡದ ಹಿಂದೆ ಇದ್ದಾನೋ ಹೋಗಿದ್ದಾನೋ ನನಗೇ ಗೊತ್ತಿರಲಿಲ್ಲ. ಅವ್ವ ಗಾಳಿ ತಿರುಗಿದ ದಿನ ಸೈರನ್ ಸರಿಯಾಗಿ ಕೇಳುವ ತನಕ ತುಟಿ ಬಿಚ್ಚುತ್ತಿರಲಿಲ್ಲ. ಕೆಳಗೆ ನಾವು ಹಸಿವು ಹಸಿವು ಎಂದು ಬಾಯಿ ಬಡಿದುಕೊಂಡರೂ ಅವಳು ಜಗ್ಗುತ್ತಿರಲಿಲ್ಲ.

"ಇನ್ನೂ ಇಲ್ಲ, ತಡಿ," ಅಂದೆ.

ಅವನು ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದ.

ವಿಮಾನ ಒಂದೆರಡು ಸಲ ಕುಲುಕಿ ಮೋಡದ ಕೆಳಗೆ ಬಂತು. ಅಲ್ಲಿ ಸಂಜೆಯಾಗಿತ್ತು. ಪಶ್ಚಿಮದಲ್ಲಿ ಕೆಂಪು ಗೆರೆಯೊಂದು ಉಳಿದಿತ್ತು, ಅದರ ಕೆಳಗೆ ಸಮುದ್ರ ಕಪ್ಪಗಿತ್ತು. ಈ ಕಡೆ ಮುಂಬಯಿಯ ದೀಪಗಳು ಹತ್ತಿಕೊಂಡಿದ್ದವು. ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಎಲ್ಲೂ ಸೂರ್ಯ ಇರಲಿಲ್ಲ.

"ಮುಳುಗ್ತು ಕಣಪ್ಪ, ಬುಡು," ಅಂದೆ.

ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಮೊದಲೇ ಮಂದವಾದ ಅಪ್ಪನ ಕಿವಿಗೆ ಆಗ ಏನೂ ಕೇಳಿಸುತ್ತಿರಲಿಲ್ಲ. ಕಣ್ಣು ಮುಚ್ಚಿಯೇ ಇದ್ದ. ನಾನು ಅವನ ಕಿವಿಗೆ ಬಾಯಿಟ್ಟು, ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೂಗುವ ದನಿಯಲ್ಲಿ ಕೂಗಿದೆ.

"ಅಪ್ಪಾ! ಮುಳುಗ್ತು! ಬುಡು!"

ಮುಂದಿನ ನಾಲ್ಕು ಸಾಲಿನವರು ಹಿಂದಕ್ಕೆ ತಿರುಗಿದರು. ವಿಮಾನವೇ ಮುಳುಗಿತೇನೋ ಎಂದು ಯಾರಾದರೂ ಅಂದುಕೊಂಡಿರಬೇಕು, ಗಾಬರಿಯ ಮುಖಗಳು. ಅಪ್ಪ ಕಣ್ಣು ಬಿಟ್ಟು ನನ್ನನ್ನು ನೋಡಿದ. ಖರ್ಜೂರ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದು, ಬೀಜವನ್ನು ಅಂಗೈಗೆ ತೆಗೆದು, ನೀರು ಕುಡಿದ. ಮತ್ತೆ ಕೈಚಾಚಿದ. ಇನ್ನೊಂದು ಕೊಟ್ಟೆ. ಅದೂ ಆಯಿತು. ಆಮೇಲೆ ನನ್ನ ಮಡಿಲಿನ ಕಡೆ ಗದ್ದ ತೋರಿಸಿ, "ಆ ಡಬ್ಬೀಲಿ ಏನದೆ?" ಅಂದ.

ಹಲಗೆ ಮುಚ್ಚಿಡಬೇಕಾದ ಹೊತ್ತು ಅದು. ಡಬ್ಬಿಯನ್ನು ಅವನ ಮಡಿಲಲ್ಲೇ ಇಟ್ಟೆ. ಅವನು ಹೆಸರುಬೇಳೆಯನ್ನು ಮುಷ್ಟಿ ತುಂಬ ತೆಗೆದುಕೊಂಡು ತಿಂದ. ಆ ತಾಯಿಗೂ ಡಬ್ಬಿ ಚಾಚಿದ, ಅವರು ಒಂದು ಹಿಡಿ ತೆಗೆದುಕೊಂಡು, "ಕೋಸಂಬರಿ! ನಮ್ಮನೇಲೂ ಹೀಗೇ ಮಾಡೋದು," ಎಂದು, ಆರಿ ಅಂಬಲಿಯಾಗಿದ್ದ ಕಾಫಿಯನ್ನು ಮುಖ ಕಿವುಚಿಕೊಂಡು ಒಂದೇ ಗುಟುಕಿಗೆ ಕುಡಿದರು. ವಿಮಾನದ ಚಕ್ರ ನೆಲಕ್ಕೆ ತಾಗಿ ಎಲ್ಲರೂ ಮುಂದಕ್ಕೆ ವಾಲಿದಾಗ ಅಪ್ಪನ ಬಾಯಿ ತುಂಬಿತ್ತು. ಒಂದು ಕಾಳೂ ಕೆಳಗೆ ಬೀಳದ ಹಾಗೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಅಕ್ಕನ ಮನೆ ಐದನೇ ಮಹಡಿ. ಎದುರಿಗೇ ಮಸೀದಿ, ಅದರ ಮೈಕಿನ ಬಾಯಿ ಸರಿಯಾಗಿ ಅವರ ಅಡುಗೆಮನೆಯ ಕಿಟಕಿಗೆ ತಿರುಗಿತ್ತು. ಮಾರನೆಯ ಸಂಜೆ ಎಲ್ಲರೂ ಸುತ್ತ ಕೂತಿದ್ದೆವು. ನಾನು ಒಲೆಯ ಮುಂದೆ ಸಮೋಸ ಕರಿಯುತ್ತಿದ್ದೆ. ಬಾಂಗ್ ಶುರುವಾಯಿತು, ತಟ್ಟೆಗಳೇ ಅದುರುವಂಥ ದನಿ. ಮಕ್ಕಳು, ಭಾವ, ಅಕ್ಕ ಎಲ್ಲರ ಕೈ ಬಾಯಿಗೆ ಹೋಯಿತು. ಅಪ್ಪ ಖರ್ಜೂರ ಹಿಡಿದು ಹಾಗೇ ಕೂತಿದ್ದ.

"ಅಪ್ಪಾ, ಬಾಂಗ್ ಆಯ್ತಲ್ಲ, ಕೇಳಿಸ್ಲಿಲ್ವಾ?" ಎಂದಳು ಅಕ್ಕ ಗಾಬರಿಯಿಂದ.

"ಕೇಳುಸ್ತು," ಅಂದ ಅಪ್ಪ. ಅವನು ಅಡುಗೆಮನೆಯ ಕಡೆ, ನನ್ನನ್ನೇ ನೋಡುತ್ತಿದ್ದ.

ನಾನು ಜಾಲರಿ ಸೌಟನ್ನು ಕೆಳಗಿಟ್ಟು ಕಿಟಕಿಗೆ ಹೋದೆ. ಅಲ್ಲಿಂದ ಆಕಾಶ ಕಾಣುತ್ತಿರಲಿಲ್ಲ. ಎದುರು ಕಟ್ಟಡದ ಗೋಡೆ, ಯಾರದೋ ಒಣಹಾಕಿದ ಬಟ್ಟೆ. ಆದರೂ ಕತ್ತು ಹೊರಗೆ ಚಾಚಿ, ಆ ಕಡೆ ಈ ಕಡೆ ಚೆನ್ನಾಗಿ ನೋಡಿದೆ.

"ಮುಳುಗ್ತು ಕಣಪ್ಪ, ಬುಡು," ಅಂದೆ.

ಅಪ್ಪ ಬಾಯಿಗೆ ಹಾಕಿಕೊಂಡ.